ಕೆನ್ ಬ್ರೂಸ್ ಹೋದ ಮೇಲಿನ ರೇಡಿಯೋ 2: ಹಳೇ ಕೇಳುಗರೊಬ್ಬರ ವಿಮರ್ಶೆ

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮವರು "ಕೆಲಸ ಮಾಡ್ತಾ ಕೇಳೋಕೆ ಯಾವ ರೇಡಿಯೋ ಚೆನ್ನಾಗಿದೆ?" ಅಂತ ಕೇಳಿದರೆ ನಾನು ಯೋಚನೆ ಮಾಡದೆ ಹೇಳುತ್ತಿದ್ದೆ: ಬಿಬಿಸಿ ರೇಡಿಯೋ 2, ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡು, ಕೆನ್ ಬ್ರೂಸ್. 2023ರ ಮಾರ್ಚ್‌ನಿಂದ ಆ ಉತ್ತರಕ್ಕೆ ಬೆಲೆ ಇಲ್ಲ. ಈಗ ಒಂದೇ ಸ್ಟೇಷನ್ ಹೆಸರು ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ವಯಸ್ಸಾದವರ ಕೇರ್ ಹೋಮ್‌ನಲ್ಲಿ. ಲೌಂಜಿನಲ್ಲಿ ಬೆಳಗಿನ ಹೊತ್ತೆಲ್ಲ ರೇಡಿಯೋ ಹಾಡುತ್ತಿರುತ್ತದೆ. ಎಂಬತ್ತು, ತೊಂಬತ್ತರ ಅಜ್ಜ ಅಜ್ಜಿಯರು, ಮೂವತ್ತರ ಆಸುಪಾಸಿನ ನಾವು ಕೆಲಸದವರು, ಎಲ್ಲರ ಕಿವಿಗೂ ಅದೇ ಸ್ಟೇಷನ್. ಹಾಗಾಗಿ ಇದು ನನ್ನೊಬ್ಬಳ ಅಭಿಪ್ರಾಯ ಮಾತ್ರ ಅಲ್ಲ. ನಿರೂಪಕ ಬದಲಾದಾಗ ಇಡೀ ಕೋಣೆ ಏನು ಅಂದಿತು ಅನ್ನೋದೂ ಇದರಲ್ಲಿದೆ.

ಊರಿನಲ್ಲಿರುವವರಿಗೆ ಒಂದು ವಿಷಯ ಮೊದಲೇ ಹೇಳಿಬಿಡಬೇಕು. ನಮ್ಮ ಆಕಾಶವಾಣಿಯಲ್ಲಿ ಉದ್ಘೋಷಕರು ಪಾಳಿಯ ಮೇಲೆ ಬರುತ್ತಾರೆ. ಇವತ್ತು ಒಂದು ದನಿ, ನಾಳೆ ಇನ್ನೊಂದು. ಇಲ್ಲಿ ಹಾಗಲ್ಲ. ಕಾರ್ಯಕ್ರಮವೇ ನಿರೂಪಕರ ಹೆಸರಿನಲ್ಲಿ ಇರುತ್ತದೆ. ಸೋಮವಾರದಿಂದ ಶುಕ್ರವಾರ, ವರ್ಷಾನುಗಟ್ಟಲೆ ಅದೇ ಹೊತ್ತಿಗೆ ಅದೇ ಮನುಷ್ಯ. ಕೆನ್ ಬ್ರೂಸ್ ಆ ಜಾಗದಲ್ಲಿ 1992ರಿಂದ ಒಂದೇ ಸಮನೆ 31 ವರ್ಷ ಇದ್ದರು. ಅದಕ್ಕೂ ಮೊದಲು, 1986ರಿಂದ ನಾಲ್ಕು ವರ್ಷ, ಅದೇ ಹೊತ್ತಿನ ಕಾರ್ಯಕ್ರಮ ಮಾಡಿದ್ದರು. ಬಿಬಿಸಿಯಲ್ಲಿ ಒಟ್ಟು 45 ವರ್ಷ. ವಾರಕ್ಕೆ 80 ಲಕ್ಷಕ್ಕೂ ಜಾಸ್ತಿ ಜನ ಕೇಳುತ್ತಿದ್ದ ಕಾರ್ಯಕ್ರಮ ಅದು.

ಅವರಲ್ಲಿ ಏನಿತ್ತು? ಗ್ಲಾಸ್ಗೋದ ಮನುಷ್ಯ, ತಗ್ಗಿದ ದನಿ, ಅವಸರ ಇಲ್ಲ. ಕಿರುಚುವುದಿಲ್ಲ. ತಮ್ಮ ಮಾತಿಗೆ ತಾವೇ ನಗುವುದಿಲ್ಲ. ಕೇಳುಗರ ಪತ್ರ ಓದಿದರೆ ಪೂರ್ತಿ ಓದುತ್ತಿದ್ದರು. ಇಂಗ್ಲಿಷ್ ಇನ್ನೂ ಕಿವಿಗೆ ಹತ್ತದ ದಿನಗಳಲ್ಲೂ ಅವರ ಮಾತು ನನಗೆ ಅರ್ಥ ಆಗುತ್ತಿತ್ತು. ಹಾಡು ಮುಗಿದ ಮೇಲೆ ಅರೆಕ್ಷಣ ಬಿಟ್ಟು ಮಾತು ಶುರು ಮಾಡುತ್ತಿದ್ದರು. ಇದು ಸಣ್ಣ ವಿಷಯ ಅನಿಸಬಹುದು. ಕಿವಿ ಮಂದ ಆದವರ ಜೊತೆ ಕೆಲಸ ಮಾಡುವವರಿಗೆ ಅದು ಎಷ್ಟು ದೊಡ್ಡದು ಅಂತ ಗೊತ್ತು.

ಆಮೇಲೆ ಪಾಪ್‌ಮಾಸ್ಟರ್. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದರೆ ಆಮೇಲಿನ ಗಲಾಟೆಯ ಬೇರು ಇಲ್ಲೂ ಇದೆ. 1998ರಲ್ಲಿ ಶುರುವಾದ ಹಾಡಿನ ಕ್ವಿಜ್ ಅದು. ಬೆಳಿಗ್ಗೆ ಹತ್ತೂವರೆಗೆ ಇಬ್ಬರು ಫೋನಿನಲ್ಲಿ ಆಡುತ್ತಾರೆ. ಒಬ್ಬೊಬ್ಬರಿಗೂ ಹತ್ತು ಪ್ರಶ್ನೆ. ಏಳು ಪ್ರಶ್ನೆಗೆ ಮೂರು ಮೂರು ಅಂಕ, ಮೂರು ಬೋನಸ್ ಪ್ರಶ್ನೆಗೆ ಆರು ಆರು. ಎಲ್ಲ ಸರಿ ಹೇಳಿದರೆ 39. ಹಾಡಿನ ತುಣುಕು ಕೇಳಿಸಿ ಯಾವ ವರ್ಷದ್ದು ಅಂತ ಕೇಳುತ್ತಾರೆ. ಗೆದ್ದವರು ಕೊನೆಗೆ ಒಬ್ಬ ಕಲಾವಿದರ ಮೂರು ಹಿಟ್ ಹಾಡುಗಳನ್ನು ಹತ್ತು ಸೆಕೆಂಡಿನಲ್ಲಿ ಹೇಳಬೇಕು. ಆ ಹೊತ್ತಿಗೆ ಲಾರಿ ಓಡಿಸುವವರು, ಮನೆಗೆ ಬಣ್ಣ ಹೊಡೆಯುವವರು, ಆಫೀಸಿನವರು ಎಲ್ಲರೂ ತಮ್ಮ ತಮ್ಮ ಅಂಕ ಲೆಕ್ಕ ಹಾಕುತ್ತಿರುತ್ತಿದ್ದರು.

ನಮ್ಮ ಲೌಂಜಿನಲ್ಲಿ ಹತ್ತೂವರೆ ಅಂದರೆ ಪಾಪ್‌ಮಾಸ್ಟರ್, ಪಾಪ್‌ಮಾಸ್ಟರ್ ಮುಗಿದರೆ ಟೀ ಟ್ರಾಲಿ. ಮರೆವಿನ ಕಾಯಿಲೆ ಇರುವವರಿಗೆ ಗಡಿಯಾರ ನೋಡಿದರೆ ಹೊತ್ತು ತಿಳಿಯದೆ ಇರಬಹುದು. ಆದರೆ ಆ ದನಿ, ಆ ಕ್ವಿಜ್‌ನ ಸಂಗೀತ ಬಂತು ಅಂದರೆ ಬೆಳಗು ಎಲ್ಲಿಗೆ ಬಂದಿದೆ ಅಂತ ಗೊತ್ತಾಗುತ್ತಿತ್ತು. ಬೆಳಗಿನ ತಿಂಡಿ ಏನು ತಿಂದೆ ಅಂತ ನೆನಪಿಲ್ಲದ ಅಜ್ಜಿಯೊಬ್ಬರು 1960ರ ದಶಕದ ಹಾಡಿನ ವರ್ಷ ಥಟ್ಟನೆ ಹೇಳುತ್ತಿದ್ದರು. ಹಾಸನದಲ್ಲಿ ನನ್ನ ಅಮ್ಮ ಬೆಳಿಗ್ಗೆ ಪ್ರದೇಶ ಸಮಾಚಾರ ಶುರುವಾದರೆ ಒಲೆ ಮೇಲಿನ ಕೆಲಸಕ್ಕೆ ಚುರುಕು ಕೊಡುತ್ತಿದ್ದುದೂ ಇದೇ ರೀತಿ ಅಲ್ವಾ.

ಈಗ ಬದಲಾವಣೆಯ ವಿಷಯ. 2023ರ ಜನವರಿಯಲ್ಲಿ ಕೆನ್ ತಾವು ಹೊರಡುವುದಾಗಿ ಹೇಳಿದರು. ಹೋಗುವುದು ಗ್ರೇಟೆಸ್ಟ್ ಹಿಟ್ಸ್ ರೇಡಿಯೋಗೆ. ಅದು ಬಾವರ್ ಕಂಪನಿಯ ಖಾಸಗಿ ಸ್ಟೇಷನ್, ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳ ಹಾಡುಗಳದ್ದು. ಇಷ್ಟರವರೆಗೆ ಬೇಜಾರು ಇತ್ತು, ಕೋಪ ಇರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಹೊಸ ಕಡೆ ಹೋಗಬೇಕು ಅಂತ ತಾನೇ ತೀರ್ಮಾನ ಮಾಡಿದ್ದಾರೆ, ಹೋಗಲಿ ಅಂತ ಎಲ್ಲರೂ ಅಂದರು. ಅವರು ಮಾರ್ಚ್ ಕೊನೆಯವರೆಗೆ ಒಪ್ಪಂದ ಪೂರೈಸಿ ಹೋಗುವವರಿದ್ದರು. ಆದರೆ ಬಿಬಿಸಿ ಮೊದಲೇ ಬಿಡಿ ಅಂತ ಹೇಳಿತು. ಅವರ ಕೊನೆಯ ಕಾರ್ಯಕ್ರಮ ಮಾರ್ಚ್ 3ಕ್ಕೆ ಮುಗಿಯಿತು. ಈ ವಿಷಯವನ್ನು ಕೆನ್ ತಾವೇ ಜನರಿಗೆ ತಿಳಿಸಿದರು.

ಕೋಪ ಬಂದದ್ದು ಆಗ. ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇಲ್ಲೇ ಇದೆ. ಹೊಸಬರು ಯಾರು ಬರುತ್ತಾರೆ ಅನ್ನೋದು ಕೇಳುಗರಿಗೆ ಎರಡನೇ ವಿಷಯ. ಮೂರು ದಶಕ ಜೊತೆಗಿದ್ದವರನ್ನು ಹೇಗೆ ಕಳಿಸಿಕೊಟ್ಟಿರಿ ಅನ್ನೋದು ಮೊದಲನೆಯದು. ಇನ್ನು ಕೆಲವೇ ವಾರ ಇತ್ತು. ಆ ವಾರಗಳನ್ನು ಬಿಟ್ಟುಕೊಟ್ಟಿದ್ದರೆ ಸ್ಟೇಷನ್‌ಗೆ ಏನು ನಷ್ಟ ಆಗುತ್ತಿತ್ತು? ನಮ್ಮ ಲೌಂಜಿನ ಅಜ್ಜ ಒಬ್ಬರು ನಲವತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಅವರು ಅಂದದ್ದು ಇಷ್ಟೇ: "ಅವನಿಗೆ ಅವನ ಮಾರ್ಚ್ ಕೊಡಬೇಕಿತ್ತು." ಆ ದಿನ ಅವರು ಬೇರೇನೂ ಮಾತಾಡಲಿಲ್ಲ.

ಪಾಪ್‌ಮಾಸ್ಟರ್ ಕೂಡ ಕೆನ್ ಜೊತೆಗೇ ಹೋಯಿತು, ಆ ಹೆಸರಿನ ಟ್ರೇಡ್‌ಮಾರ್ಕ್ ಅವರ ಹತ್ತಿರ ಇತ್ತು. ರೇಡಿಯೋ 2 ಆ ಜಾಗಕ್ಕೆ ಟೆನ್ ಟು ದ ಟಾಪ್ ಅನ್ನುವ ಬೇರೆ ಕ್ವಿಜ್ ತಂದಿತು. ನಡುವೆ ಕೆಲವು ವಾರ ಗ್ಯಾರಿ ಡೇವಿಸ್ ನಡೆಸಿಕೊಟ್ಟರು. ಮೇ 15ಕ್ಕೆ ವರ್ನನ್ ಕೇ ಬಂದರು.

ಲೆಕ್ಕ ನೋಡಿ. ಇಲ್ಲಿ ಕೇಳುಗರನ್ನು ಎಣಿಸುವುದು ರಾಜರ್ ಅನ್ನುವ ಸಂಸ್ಥೆ, ಮೂರು ತಿಂಗಳಿಗೊಮ್ಮೆ ಅಂಕಿ ಕೊಡುತ್ತದೆ. 2023ರ ಮೊದಲ ಮೂರು ತಿಂಗಳಲ್ಲಿ ರೇಡಿಯೋ 2ಕ್ಕೆ ವಾರಕ್ಕೆ ಸುಮಾರು 1.45 ಕೋಟಿ ಕೇಳುಗರಿದ್ದರು. ಮುಂದಿನ ಮೂರು ತಿಂಗಳಲ್ಲಿ 1.35 ಕೋಟಿಗೆ ಇಳಿಯಿತು. ಹತ್ತು ಲಕ್ಷ ಜನ ಎದ್ದು ಹೋದರು ಅಂದ ಹಾಗಾಯಿತು. ಪತ್ರಿಕೆಗಳು ಇದನ್ನು ವರ್ನನ್ ಕೇ ಮೇಲೆ ಹೊರಿಸಿದಾಗ ನನಗೆ ಸಂಕಟ ಆಯಿತು. ಆ ಮೂರು ತಿಂಗಳಲ್ಲಿ ಅರ್ಧ ಭಾಗ ಅವರು ಇನ್ನೂ ಬಂದೇ ಇರಲಿಲ್ಲ.

ನಿರೂಪಕರು ಬದಲಾದರೆ ಜನ ಓಡಿಹೋಗಲೇಬೇಕು ಅಂತೇನಿಲ್ಲ. ಇದೇ ಸ್ಟೇಷನ್‌ನ ಹಳೇ ಕಥೆ ನೋಡಿ. ಕೆನ್ ಕಾರ್ಯಕ್ರಮಕ್ಕೂ ಮೊದಲು, ಬೆಳಗಿನ ತಿಂಡಿ ಹೊತ್ತಿಗೆ ಬರುವ ಕಾರ್ಯಕ್ರಮವನ್ನು ಬಿಡುವುದಾಗಿ ಟೆರ್ರಿ ವೋಗನ್ 2009ರ ಸೆಪ್ಟೆಂಬರ್‌ನಲ್ಲಿ ತಾವೇ ಕೇಳುಗರಿಗೆ ಹೇಳಿದರು. ಕೊನೆಯ ಕಾರ್ಯಕ್ರಮ ಡಿಸೆಂಬರ್ 18ಕ್ಕೆ. ಮೂರು ತಿಂಗಳು ಜನರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಲು ಸಿಕ್ಕಿತು. ಕ್ರಿಸ್ ಇವಾನ್ಸ್ ಬರುತ್ತಾರೆ ಅಂದಾಗ ವೋಗನ್ ಅಭಿಮಾನಿಗಳು ದೊಡ್ಡ ಗಲಾಟೆಯನ್ನೇ ಮಾಡಿದ್ದರು. ಇಬ್ಬರ ಸ್ವಭಾವಕ್ಕೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಆದರೂ 2010ರ ಮೊದಲ ಮೂರು ತಿಂಗಳ ಅಂಕಿ ಬಂದಾಗ ಆ ಕಾರ್ಯಕ್ರಮದ ಕೇಳುಗರು 95 ಲಕ್ಷಕ್ಕೆ ಏರಿದ್ದರು, ವೋಗನ್ ಕಾಲಕ್ಕಿಂತ ಜಾಸ್ತಿ. 2019ರ ಜನವರಿಯಲ್ಲಿ ಜೋಯಿ ಬಾಲ್ ಬಂದರು. ಆ ಕಾರ್ಯಕ್ರಮದ ಮೊದಲ ಖಾಯಂ ನಿರೂಪಕಿ ಅವರು. ಅವರ ಕಾಲದಲ್ಲಿ ಕೇಳುಗರ ಸಂಖ್ಯೆ ಇಳಿಯಿತು. ನನಗೆ ಅವರ ದನಿಯಲ್ಲಿದ್ದ ಸಂತೋಷ ಇಷ್ಟವಾಗಿತ್ತು.

2018ರಲ್ಲಿ ಸಂಜೆಯ ಸೈಮನ್ ಮೇಯೋ ಕಾರ್ಯಕ್ರಮಕ್ಕೆ ಜೋ ವೈಲಿಯನ್ನು ಸೇರಿಸಿದ್ದರು. ಇಬ್ಬರೂ ಒಬ್ಬೊಬ್ಬರೇ ಆಗಿದ್ದಾಗ ತುಂಬಾ ಒಳ್ಳೆಯ ನಿರೂಪಕರು. ಚೆನ್ನಾಗಿ ನಡೆಯುತ್ತಿದ್ದ ಕಾರ್ಯಕ್ರಮವನ್ನು ಸುಮ್ನೆ ಕದಲಿಸಿದರು ಅಂತ ಕೇಳುಗರು ಬೈದರು. ಪಾಪ, ಆ ಬೈಗುಳ ಹೆಚ್ಚಾಗಿ ಬಿದ್ದದ್ದು ಜೋ ವೈಲಿ ಮೇಲೆ. ನಿರ್ಧಾರ ಮಾಡಿದವರು ಮೈಕಿನ ಮುಂದೆ ಇರುವುದಿಲ್ಲ. ಬೈಗುಳ ತಿನ್ನುವವರು ಮೈಕಿನ ಮುಂದೆ ಇರುವವರು. ಹೊಸ ನಿರೂಪಕರ ಬಗ್ಗೆ ಕೋಪದಲ್ಲಿ ಬರೆಯುವ ಮೊದಲು ಇದನ್ನು ನೆನಪಿಡಿ ಅಂತ ಕೇಳಿಕೊಳ್ಳುತ್ತೇನೆ.

ಸ್ಟೀವ್ ರೈಟ್ ವಿಷಯ ಬರೆಯುವಾಗ ಈಗಲೂ ಕಷ್ಟ ಆಗುತ್ತದೆ. ರೇಡಿಯೋ 2ರಲ್ಲಿ ಅವರ ಮಧ್ಯಾಹ್ನದ ಕಾರ್ಯಕ್ರಮ 2022ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಆ ಹೊತ್ತು ಸ್ಕಾಟ್ ಮಿಲ್ಸ್ ಪಾಲಾಯಿತು. ರೈಟ್ ಭಾನುವಾರ ಬೆಳಗಿನ ಪ್ರೇಮಗೀತೆಗಳ ಕಾರ್ಯಕ್ರಮ ಮುಂದುವರಿಸಿದರು. 2024ರ ಫೆಬ್ರವರಿ 12ಕ್ಕೆ ತೀರಿಕೊಂಡರು. ಆ ವಾರ ನಮ್ಮ ಕೇರ್ ಹೋಮ್‌ನಲ್ಲಿ ಮನೆಯವರೇ ಹೋದ ಹಾಗಿತ್ತು. ಅವರ ಮಧ್ಯಾಹ್ನಗಳನ್ನು ಇನ್ನೂ ಸ್ವಲ್ಪ ಕಾಲ ಅವರಿಗೇ ಬಿಡಬಹುದಿತ್ತು ಅಂತ ಎಷ್ಟೋ ಜನ ಅಂದರು. ನಾನೂ ಅಂದೆ.

ಇನ್ನು ವರ್ನನ್ ಕೇ. ಬೋಲ್ಟನ್ ಊರಿನವರು, ಲ್ಯಾಂಕಾಷೈರ್ ಉಚ್ಚಾರಣೆ. ಟಿವಿಯಲ್ಲಿ ಜನ ನೋಡಿದ್ದ ಮುಖ. ರೇಡಿಯೋ 2ಕ್ಕೂ ಹೊಸಬರೇನಲ್ಲ, ತೊಂಬತ್ತರ ದಶಕದ ಡಾನ್ಸ್ ಸಂಗೀತದ ಕಾರ್ಯಕ್ರಮ ಮಾಡುತ್ತಿದ್ದರು. ಮೊದಲ ತಿಂಗಳುಗಳಲ್ಲಿ ಅವರು ಕೆನ್‌ಗಿಂತ ಜೋರಾಗಿ, ಬೇಗ ಬೇಗ ಮಾತಾಡುತ್ತಿದ್ದಾರೆ ಅನಿಸುತ್ತಿತ್ತು. ಲೌಂಜಿನಲ್ಲಿ ದನಿ ತಗ್ಗಿಸಿ ಅನ್ನುವ ಬೇಡಿಕೆ ಬರುತ್ತಿತ್ತು. ಬರಬರುತ್ತಾ ಅವರು ನೆಲೆಯಾದರು. ಫೋನಿನಲ್ಲಿ ಬಂದ ಸಾಮಾನ್ಯ ಜನರ ಜೊತೆ ಮಾತಾಡುವಾಗ ಅವರಲ್ಲಿ ನಿಜವಾದ ಕುತೂಹಲ ಇದೆ. ಎಲ್ಲಿ ಕೆಲಸ, ಯಾರು ಜೊತೆಗಿದ್ದಾರೆ ಅಂತ ಕೇಳಿ, ಉತ್ತರವನ್ನು ಕಿವಿಗೊಟ್ಟು ಕೇಳುತ್ತಾರೆ.

ನಮ್ಮವರ ಮನಸ್ಸು ತಿರುಗಿದ್ದು 2023ರ ನವೆಂಬರ್‌ನಲ್ಲಿ. ಚಿಲ್ಡ್ರನ್ ಇನ್ ನೀಡ್ ಅನ್ನುವ ಮಕ್ಕಳ ಸಹಾಯನಿಧಿಗಾಗಿ ವರ್ನನ್ ಲೆಸ್ಟರ್‌ನಿಂದ ಬೋಲ್ಟನ್‌ವರೆಗೆ, ನಾಲ್ಕು ದಿನ, 115 ಮೈಲಿ ಓಡಿದರು. ಸ್ಟೇಷನ್ ಅದನ್ನು ನೇರಪ್ರಸಾರ ಮಾಡುತ್ತಾ ಹೋಯಿತು. 50 ಲಕ್ಷ ಪೌಂಡ್‌ಗೂ ಜಾಸ್ತಿ ಹಣ ಕೂಡಿತು. ಕಾಲು ಎಳೆಯುತ್ತಾ, ಏದುಸಿರು ಬಿಡುತ್ತಾ ಮಾತಾಡುತ್ತಿದ್ದವರನ್ನು ಕೇಳಿ ನಮ್ಮ ಲೌಂಜಿನ ಕಟ್ಟಾ ವಿರೋಧಿಯೊಬ್ಬರು ಪರ್ಸ್ ತರಿಸಿಕೊಂಡರು. ಆಮೇಲೆ ಯಾರೂ ಅವರನ್ನು "ಆ ಹೊಸಬ" ಅನ್ನಲಿಲ್ಲ. ವರ್ನನ್ ಅಂತಲೇ ಕರೆಯತೊಡಗಿದರು.

ಕ್ವಿಜ್ ಮಾತ್ರ ನನಗೆ ಇವತ್ತಿಗೂ ಸಪ್ಪೆ. ಟೆನ್ ಟು ದ ಟಾಪ್ ಕೆಟ್ಟದ್ದಲ್ಲ. ಆದರೆ ಪಾಪ್‌ಮಾಸ್ಟರ್‌ನಲ್ಲಿ ಅಂಕದ ಲೆಕ್ಕ ಎಲ್ಲರ ಬಾಯಲ್ಲೂ ಇತ್ತು. ನನಗೆ ಇಂತಿಷ್ಟು ಬಂತು ಅಂದರೆ ಇನ್ನೊಬ್ಬರಿಗೆ ತಕ್ಷಣ ಅರ್ಥ ಆಗುತ್ತಿತ್ತು. ಕಾಲು ಶತಮಾನದಲ್ಲಿ ಬೆಳೆದದ್ದನ್ನು ಒಂದು ಸೋಮವಾರ ಬೆಳಿಗ್ಗೆ ತಯಾರು ಮಾಡಲು ಆಗುವುದಿಲ್ಲ. ಟ್ರ್ಯಾಕ್ಸ್ ಆಫ್ ಮೈ ಇಯರ್ಸ್ ಉಳಿದಿದೆ, ಅದಕ್ಕೆ ಸಮಾಧಾನ. ಒಬ್ಬ ಕಲಾವಿದರು ವಾರಪೂರ್ತಿ ತಮ್ಮ ಬದುಕಿನ ಹಾಡುಗಳನ್ನು ಆರಿಸಿ ಯಾಕೆ ಅಂತ ಹೇಳುತ್ತಾರೆ. ಅದನ್ನು ವರ್ನನ್ ಚೆನ್ನಾಗಿ ನಡೆಸುತ್ತಾರೆ.

ಗ್ರೇಟೆಸ್ಟ್ ಹಿಟ್ಸ್ ರೇಡಿಯೋದ ಕೆನ್ ಹೇಗಿದ್ದಾರೆ? ಮನುಷ್ಯ ಅದೇ, ದನಿ ಅದೇ. 2023ರ ಏಪ್ರಿಲ್ 3ರಿಂದ ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಒಂದಕ್ಕೆ ಮುಕ್ತಾಯ. ಪಾಪ್‌ಮಾಸ್ಟರ್ ಹತ್ತೂವರೆಗೇ ಇದೆ. ಆದರೆ ನಡುನಡುವೆ ಜಾಹೀರಾತು. ಬಿಬಿಸಿಯಲ್ಲಿ ಜಾಹೀರಾತು ಇಲ್ಲ, ಟಿವಿ ಲೈಸೆನ್ಸ್ ಹಣದಲ್ಲಿ ನಡೆಯುತ್ತದೆ. 2023ರಲ್ಲಿ ಆ ಲೈಸೆನ್ಸ್ ವರ್ಷಕ್ಕೆ 159 ಪೌಂಡ್ ಇತ್ತು. ವರ್ಷಾನುಗಟ್ಟಲೆ ಜಾಹೀರಾತಿಲ್ಲದೆ ಕೇಳಿದ ಕಿವಿಗೆ ಸೋಫಾ, ಇನ್ಶೂರೆನ್ಸ್, ಶ್ರವಣಯಂತ್ರದ ಮಾತು ನಡುವೆ ನುಗ್ಗಿದರೆ ತಲೆ ಚಿಟ್ಟು ಹಿಡಿಯುತ್ತದೆ. ಲೌಂಜಿನಲ್ಲಿ ಇನ್ನೊಂದು ತೊಂದರೆ ಬಂತು. ಮರೆವು ಇರುವವರು ಜಾಹೀರಾತನ್ನು ಕೆನ್ ಮಾತೇ ಅಂದುಕೊಂಡು ಗಾಬರಿಯಾಗುತ್ತಿದ್ದರು. ಹಾಡುಗಳಲ್ಲೂ ವ್ಯತ್ಯಾಸ ಇದೆ. ಅಲ್ಲಿ ಹಳೇ ಹಿಟ್‌ಗಳೇ ಸುತ್ತಿ ಸುತ್ತಿ ಬರುತ್ತವೆ. ರೇಡಿಯೋ 2ರಲ್ಲಿ ಇವತ್ತಿನ ಹೊಸ ಹಾಡೂ ಬರುತ್ತದೆ. ಮೂವತ್ತರ ನನಗೆ ಅದು ಬೇಕು. ಎಂಬತ್ತೈದರ ಅಜ್ಜನಿಗೆ ಬೇಡ.

ವಯಸ್ಸಾದವರಿಗೆ ಸ್ಟೇಷನ್ ಬದಲಿಸುವುದು ಅಂದರೆ ರೇಡಿಯೋ ಸೆಟ್‌ನ ಜೊತೆಗಿನ ಹೋರಾಟ ಕೂಡ. ಕೆನ್ ಹೋದ ವಸಂತದಲ್ಲಿ ನಾನು ಎಷ್ಟೋ ಕೋಣೆಗಳಲ್ಲಿ ಡಿಎಬಿ ಅನ್ನುವ ಡಿಜಿಟಲ್ ರೇಡಿಯೋ ಸೆಟ್ ಮುಂದೆ ಕೂತು ಹೊಸ ಸ್ಟೇಷನ್ ಹುಡುಕಿ ಗುಂಡಿಗೆ ಉಳಿಸಿ ಕೊಟ್ಟಿದ್ದೇನೆ. ಒಂದನೇ ಗುಂಡಿ ರೇಡಿಯೋ 2, ಎರಡನೆಯದು ಗ್ರೇಟೆಸ್ಟ್ ಹಿಟ್ಸ್. ಗುಂಡಿ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದ ಚೀಟಿ ಅಂಟಿಸಿದರೆ ಅವರೇ ಒತ್ತಿಕೊಳ್ಳುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮ ಇರುವವರು ಹೀಗೆ ಮಾಡಿ, ನಿಜವಾಗಿ ಉಪಯೋಗ ಆಗುತ್ತದೆ.

ನನ್ನ ಅಂಕ ಹೀಗೆ. ಕಾರ್ಯಕ್ರಮವಾಗಿ ಇವತ್ತಿನ ವರ್ನನ್ ಕೇಗೆ ಐದರಲ್ಲಿ ನಾಲ್ಕು. ಗ್ರೇಟೆಸ್ಟ್ ಹಿಟ್ಸ್‌ನ ಕೆನ್‌ಗೆ ಐದಕ್ಕೆ ಐದು ಕೊಡುತ್ತಿದ್ದೆ, ಜಾಹೀರಾತಿಗಾಗಿ ಒಂದೂವರೆ ಕಳೆದಿದ್ದೇನೆ. 2023ರ ಬದಲಾವಣೆಯನ್ನು ರೇಡಿಯೋ 2 ನಿಭಾಯಿಸಿದ ರೀತಿಗೆ ಒಂದು. ಆ ಒಂದು ಕೂಡ ನಡುವಿನ ವಾರಗಳಲ್ಲಿ ಗ್ಯಾರಿ ಡೇವಿಸ್ ತೋರಿಸಿದ ಸೌಜನ್ಯಕ್ಕಾಗಿ. ಹೊಸದಾಗಿ ಬಂದವರು, ಇಂಗ್ಲಿಷ್ ಕಿವಿಗೆ ಹತ್ತಬೇಕು ಅನ್ನುವವರು ರೇಡಿಯೋ 2ರಿಂದಲೇ ಶುರು ಮಾಡಿ. ಹತ್ತೂವರೆಗೆ ಮಾತ್ರ ಎರಡನೇ ಗುಂಡಿ ಒತ್ತಿ, ಪಾಪ್‌ಮಾಸ್ಟರ್ ಮುಗಿದ ಮೇಲೆ ವಾಪಸ್ ಬನ್ನಿ. ನಮ್ಮ ಲೌಂಜಿನಲ್ಲಿ ಈಗ ನಡೆಯುತ್ತಿರುವುದು ಹೀಗೇ.