ಹತ್ತಾರು ಜನರ ಒಂದೇ ಕಂಪ್ಯೂಟರ್‌ಗೆ ಯಾವ ಬ್ರೌಸರ್? ಕ್ರೋಮ್, ಬ್ರೇವ್, ಫೈರ್‌ಫಾಕ್ಸ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಫೈರ್‌ಫಾಕ್ಸ್‌ಗೆ. ಮಂಡ್ಯದ ನೂರಡಿ ರಸ್ತೆಯ ಪಕ್ಕದ ಗಲ್ಲಿಯಲ್ಲಿ ನನ್ನದೊಂದು ಆನ್‌ಲೈನ್ ಸೇವಾ ಅಂಗಡಿ. ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಬಸ್ ಟಿಕೆಟ್ ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ. ಗಿರಾಕಿಗಳು ಪಕ್ಕದ ಸ್ಟೂಲಿನ ಮೇಲೆ ಕುಳಿತು ಪರದೆ ನೋಡುತ್ತಿರುತ್ತಾರೆ. ಮನೆಯಲ್ಲಿ ಒಬ್ಬರೇ ಲ್ಯಾಪ್‌ಟಾಪ್ ಬಳಸುವವರಿಗೆ ನನ್ನ ತಕರಾರು ಅಷ್ಟಾಗಿ ತಟ್ಟಲಿಕ್ಕಿಲ್ಲ.

ಜಾಹೀರಾತು ಜಾಲದ ಲೆಕ್ಕದಲ್ಲಿ ಈ ಕಂಪ್ಯೂಟರ್ ಬಳಸುವವನು ಒಬ್ಬನೇ. ಅವನಿಗೆ ಕಬ್ಬಿನ ಗದ್ದೆ ಇದೆ, ಈ ವರ್ಷ ನೀಟ್ ಬರೆಯುತ್ತಾನೆ, ಮಗಳಿಗೆ ಗಂಡು ಹುಡುಕುತ್ತಿದ್ದಾನೆ, ಚಿನ್ನದ ಮೇಲೆ ಸಾಲವೂ ಬೇಕು. ಒಂದು ಬೆಳಿಗ್ಗೆ ಯಾರಿಗೋ ಮೂಲವ್ಯಾಧಿ ಚಿಕಿತ್ಸೆಯ ಆಸ್ಪತ್ರೆ ಹುಡುಕಿಕೊಟ್ಟಿದ್ದೆ. ಮಧ್ಯಾಹ್ನ ಪಹಣಿಗೆ ಬಂದ ಹಿರಿಯರು, ಕನ್ನಂಬಾಡಿಯಲ್ಲಿ ನೀರು ಎಷ್ಟಿದೆ ನೋಡಪ್ಪಾ ಎಂದರು. ಸುದ್ದಿಯ ಪುಟ ತೆರೆದರೆ, ಗರಿಷ್ಠ ಮಟ್ಟ 124.80 ಅಡಿ ಎಂಬ ಸಾಲಿನ ಪಕ್ಕದಲ್ಲೇ ಮೂಲವ್ಯಾಧಿಯ ಜಾಹೀರಾತು. ಅವರು ಅದನ್ನು ಓದಿದರು, ನನ್ನ ಕುರ್ಚಿಯನ್ನೊಮ್ಮೆ ನೋಡಿದರು, "ದಿನವಿಡೀ ಕೂತೇ ಇರುತ್ತೀಯಲ್ಲ, ಅದಕ್ಕೇ" ಎಂದರು. ಇದನ್ನು ಹೇಗೋ ಸಹಿಸಬಹುದು. ಅದೇ ಜಾಗದಲ್ಲಿ ಸಾಲದ ಜಾಹೀರಾತು ಬಂದರೆ ಕಷ್ಟ. ಹಿಂದೆ ಸ್ಟೂಲಿನ ಮೇಲೆ ಕುಳಿತಿದ್ದವರು ಯಾರೆಂದು ಸರತಿಯಲ್ಲಿದ್ದವರಿಗೆಲ್ಲ ಗೊತ್ತಿರುತ್ತದೆ.

ಕ್ರೋಮ್ ಎಲ್ಲರಿಗೂ ಪರಿಚಿತ, ಅದರಲ್ಲಿ ಬಹುತೇಕ ಎಲ್ಲ ತಾಣಗಳೂ ತೆರೆದುಕೊಳ್ಳುತ್ತವೆ. ಆದರೆ ನಾವು ನೋಡುವ ಪುಟದೊಳಗೆ ಸೇರಿಕೊಂಡ ಜಾಹೀರಾತು ಕಂಪನಿಗಳು ಇಟ್ಟುಹೋಗುವ ಕುಕಿಗಳನ್ನು, ಅಂದರೆ ಮುಂದಿನ ಸಲ ಅದೇ ಬ್ರೌಸರನ್ನು ಗುರುತು ಹಿಡಿಯಲು ಬಿಟ್ಟುಹೋಗುವ ಪುಟ್ಟ ಗುರುತುಚೀಟಿಗಳನ್ನು, ಎರಡು ವರ್ಷದಲ್ಲಿ ನಿಲ್ಲಿಸುತ್ತೇವೆಂದು ಗೂಗಲ್ 2020ರಲ್ಲಿ ಹೇಳಿ, ಮುಂದೂಡುತ್ತಾ ಬಂದು, 2024ರಲ್ಲಿ ಆ ಯೋಚನೆಯನ್ನೇ ಬಿಟ್ಟಿತು. ನಡುವೆ 2023ರಲ್ಲಿ ಟಾಪಿಕ್ಸ್ ಎಂಬ ಏರ್ಪಾಡು ಬಂತು: ವಾರವಿಡೀ ನೋಡಿದ ತಾಣಗಳಿಂದ ಐದು ಆಸಕ್ತಿಯ ವಿಷಯಗಳನ್ನು ಬ್ರೌಸರೇ ಆರಿಸಿ ಜಾಹೀರಾತುದಾರರಿಗೆ ಸುಳಿವು ಕೊಡುವುದು. ಅದನ್ನೂ 2025ರ ಅಕ್ಟೋಬರ್‌ನಲ್ಲಿ ಕೈಬಿಡುವುದಾಗಿ ಪ್ರಕಟಿಸಿದರು. ಕುಕಿ ಮಾತ್ರ ಉಳಿಯಿತು. ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ತಡೆಯಬಹುದು, ನಿಜ, ತಾನಾಗಿ ತಡೆಯುವುದಿಲ್ಲ.

ಕ್ರೋಮ್‌ನ ಇನ್‌ಕಾಗ್ನಿಟೊ (ಇತಿಹಾಸ ಉಳಿಸದ ಖಾಸಗಿ ಕಿಟಕಿ) ಸಾಲದೇ ಎಂದು ಕೇಳುವವರು ಅಂಗಡಿಯಲ್ಲಿ ಒಂದು ದಿನ ಕುಳಿತು ನೋಡಬೇಕು. ಇನ್‌ಕಾಗ್ನಿಟೊದ ಕಿಟಕಿಗಳೆಲ್ಲ ಒಂದೇ ಕುಕಿ ಸಂಗ್ರಹವನ್ನು ಹಂಚಿಕೊಳ್ಳುತ್ತವೆ. ಕೊನೆಯ ಕಿಟಕಿ ಮುಚ್ಚುವವರೆಗೂ ಅದು ಅಳಿಯುವುದಿಲ್ಲ, ನನ್ನಲ್ಲಿ ಕೊನೆಯ ಕಿಟಕಿ ಮುಚ್ಚುವುದು ರಾತ್ರಿ ಬಾಗಿಲು ಎಳೆಯುವಾಗ.

ಬ್ರೇವ್ ಚೆನ್ನಾಗಿಯೇ ಇದೆ. ಹಾಕಿದ ಕ್ಷಣದಿಂದಲೇ ಜಾಹೀರಾತು ತಡೆಯುತ್ತದೆ, ಪುಟಗಳು ಬೇಗ ತೆರೆಯುತ್ತವೆ, ಒಂದು ತಾಣವನ್ನು ಮುಚ್ಚಿದೊಡನೆ ಅದರ ಕುಕಿಗಳನ್ನು ಮರೆತುಬಿಡುವ ಆಯ್ಕೆಯೂ ಇದೆ. ನನಗೆ ಒಗ್ಗದಿದ್ದು ಅದರ ಹೊಸ ಟ್ಯಾಬಿನ ಪುಟ. ಅಲ್ಲಿ ಪ್ರಾಯೋಜಿತ ಚಿತ್ರಗಳು, ಮೇಲೆ ವಿಳಾಸದ ಪಟ್ಟಿಯ ಪಕ್ಕ ಕ್ರಿಪ್ಟೊ ವ್ಯಾಲೆಟ್ಟಿನ ಗುಂಡಿ. "ಇದರಲ್ಲಿ ದುಡ್ಡು ಬರುತ್ತದಂತೆ, ಹೌದೇ?" ಎಂಬ ಪ್ರಶ್ನೆಗೆ ಉತ್ತರ ಹೇಳುತ್ತಾ ಕೂರಲು ನನಗೆ ಪುರುಸೊತ್ತಿಲ್ಲ.

ವಿಂಡೋಸ್ ಜೊತೆಗೇ ಬರುವ ಎಡ್ಜ್ ಬಗ್ಗೆ ಹೇಳುವಂಥದ್ದೇನಿಲ್ಲ.

ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕಿಗಳನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಆಸ್ಪತ್ರೆಯ ಪುಟದಲ್ಲಿ ಕುಳಿತ ಜಾಹೀರಾತು ಕಂಪನಿಗೆ ಸುದ್ದಿಯ ಪುಟದಲ್ಲಿ ಅದೇ ಕುಕಿ ಸಿಗುವುದಿಲ್ಲ. ಅದರ ಮೇಲೆ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದವರದೇ ಕಂಟೈನರ್ ವಿಸ್ತರಣೆ (ಟ್ಯಾಬುಗಳ ಕುಕಿಗಳನ್ನು ಬಣ್ಣಬಣ್ಣದ ಗುಂಪುಗಳಾಗಿ ಬೇರೆ ಇಡುವ ಸೇರ್ಪಡೆ) ಹಾಕಿಕೊಂಡಿದ್ದೇನೆ. ಅಂಗಡಿಯ ಬ್ಯಾಂಕ್ ಕೆಲಸಕ್ಕೆ ಹಸಿರು ಗೆರೆಯ ಟ್ಯಾಬು, ಗಿರಾಕಿಗಳ ಕೆಲಸಕ್ಕೆ ಹಳದಿ. ಒಂದರ ಲಾಗಿನ್ ಇನ್ನೊಂದಕ್ಕೆ ಕಾಣುವುದಿಲ್ಲ.

ತಲೆ ತಿನ್ನುವ ತೊಡಕು ಒಂದಿದೆ. ಇಂಥ ತಾಣವನ್ನು ಯಾವಾಗಲೂ ಇದೇ ಕಂಟೈನರ್‌ನಲ್ಲಿ ತೆರೆಯಬೇಕೆಂದು ಕಟ್ಟಿಹಾಕುವ ಸೌಲಭ್ಯ ಅದರಲ್ಲಿದೆ. ಬ್ಯಾಂಕಿನ ತಾಣವನ್ನು ಹಾಗೆ ಹಸಿರಿಗೆ ಕಟ್ಟಿದ್ದೀರಿ ಎನ್ನಿ. ಗಿರಾಕಿಯ ಪರೀಕ್ಷಾ ಶುಲ್ಕದ ಅರ್ಜಿ ಹಳದಿಯಲ್ಲಿದೆ. ಪಾವತಿಯ ಗುಂಡಿ ಒತ್ತಿದೊಡನೆ ಬ್ಯಾಂಕಿನ ಪುಟ ಹಸಿರಿಗೆ ಜಿಗಿಯುತ್ತದೆ. ಅರ್ಜಿಯ ತಾಣ ಕಳಿಸಿದ ಮಾಹಿತಿ ಆ ಜಿಗಿತದಲ್ಲಿ ಉದುರಿಹೋದರೆ ಖಾಲಿ ಪುಟ.

ಅದಕ್ಕಿಂತ ಕೆಟ್ಟದ್ದು, ಉದುರದೆ ಇದ್ದರೆ. ಒಟಿಪಿ ಬರುತ್ತದೆ, ಹಣ ಕಡಿತವಾಗುತ್ತದೆ, ಅರ್ಜಿಯ ತಾಣ ವಾಪಸು ತೆರೆಯುವುದು ಹಸಿರು ಟ್ಯಾಬಿನಲ್ಲೇ. ಅಲ್ಲಿ ಗಿರಾಕಿಯ ಲಾಗಿನ್ ಎಲ್ಲಿದೆ? ಅವಧಿ ಮುಗಿದಿದೆ, ಮತ್ತೆ ಪ್ರಯತ್ನಿಸಿ ಎಂಬ ಸಾಲು. ಪಕ್ಕದಲ್ಲಿ ಪರೀಕ್ಷೆ ಬರೆಯುವ ಹುಡುಗಿಯ ತಂದೆ ಮೊಬೈಲ್ ಹಿಡಿದು, "ದುಡ್ಡು ಹೋಯಿತು ಎಂದು ಸಂದೇಶ ಬಂದಿದೆಯಲ್ಲ ಸ್ವಾಮಿ" ಎನ್ನುತ್ತಿರುತ್ತಾರೆ. ಅರ್ಜಿಯಲ್ಲಿ ಪಾವತಿ ದಾಖಲಾಗಿದೆಯೇ ಎಂದು ಹಳದಿಯಲ್ಲಿ ಮತ್ತೆ ಲಾಗಿನ್ ಆಗಿ ನೋಡುವವರೆಗೆ ಇಬ್ಬರಿಗೂ ಸಮಾಧಾನವಿಲ್ಲ.

ಪರಿಹಾರ ಸರಳ: ಯಾವ ತಾಣವನ್ನೂ ಕಟ್ಟಿಹಾಕಬೇಡಿ. ಹೊಸ ಟ್ಯಾಬಿನ ಕೂಡಿಸು ಚಿಹ್ನೆಯನ್ನು ಒತ್ತಿಹಿಡಿದರೆ ಬಣ್ಣಗಳ ಪಟ್ಟಿ ಬರುತ್ತದೆ, ಬೇಕಾದ್ದನ್ನು ಕೈಯಾರೆ ಆರಿಸಿಕೊಳ್ಳಿ. ಇನ್ನೊಂದು ಮಾತು, ಕಂಟೈನರ್ ಕುಕಿಗಳನ್ನು ಬೇರ್ಪಡಿಸುತ್ತದೆಯೇ ಹೊರತು ಇತಿಹಾಸವನ್ನಲ್ಲ. ವಿಳಾಸದ ಪಟ್ಟಿಯಲ್ಲಿ ಒಂದಕ್ಷರ ಒತ್ತಿದರೆ ಬೆಳಗಿನ ಆಸ್ಪತ್ರೆ ಇಣುಕುತ್ತದೆ. ಆ ಸಲಹೆಗಳನ್ನು ನಿಲ್ಲಿಸಿ, ಮುಚ್ಚುವಾಗ ಇತಿಹಾಸ ಅಳಿಸುವಂತೆ ಗುರುತು ಹಾಕಬೇಕು.

ಮೊಜಿಲ್ಲಾಗೆ ಬರುವ ಹಣದ ದೊಡ್ಡ ಪಾಲು ಗೂಗಲ್ ಹುಡುಕಾಟದ ಒಪ್ಪಂದದಿಂದಲೇ ಎಂಬುದು ಗೊತ್ತಿದ್ದೂ ನನ್ನ ಆಯ್ಕೆ ಇದೇ. ಮೂರೂ ಪುಕ್ಕಟೆ, ಆದ್ದರಿಂದ ನನ್ನ ಲೆಕ್ಕ ಸಮಯದ್ದು: ಒಂದು ಅರ್ಜಿಗೆ ಮೂವತ್ತು ರೂಪಾಯಿ ಪಡೆಯುವವನಿಗೆ ಗಿರಾಕಿಗೊಮ್ಮೆ ಎಲ್ಲ ಮುಚ್ಚಿ ತೆರೆಯುವುದು ಕಟ್ಟುವುದಿಲ್ಲ. ಒಬ್ಬರೇ ಬಳಸುವ ಕಂಪ್ಯೂಟರ್, ಬಣ್ಣಗಳ ಗೋಜು ಬೇಡ ಎನ್ನುವವರು ಬ್ರೇವ್ ಹಾಕಿಕೊಳ್ಳಲಿ. ಕ್ರೋಮನ್ನೂ ನಾನು ತೆಗೆದುಹಾಕಿಲ್ಲ, ಫೈರ್‌ಫಾಕ್ಸ್‌ನಲ್ಲಿ ಹಟ ಹಿಡಿಯುವ ಒಂದೆರಡು ತಾಣಗಳಿಗೆ ಅದು ಬೇಕಾಗುತ್ತದೆ.