ಸೆಮಿನಾರ್‌ಗೆ ಯಾವುದು: ಪ್ಯಾರಿಸ್ 1782 ಅಥವಾ ಜಿನೀವಾ 1954?

ವಸಾಹತು ಯುದ್ಧ ಮುಗಿಸುವ ಮಾತುಕತೆಯಲ್ಲಿ ಮಿತ್ರರು ಹೇಗೆ ನಡೆದುಕೊಂಡರು? ವಿಷಯ ಇದಾದರೆ ಎರಡು ಆಯ್ಕೆಗಳಿವೆ.

ಪ್ಯಾರಿಸ್ ಕಥೆ ಸರಳ: ಬ್ರಿಟನ್ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿಸುವ ಮಾತುಕತೆ ಅದು. 1778ರ ಮೈತ್ರಿ ಒಪ್ಪಂದದಂತೆ ಅಮೆರಿಕ, ಫ್ರಾನ್ಸ್ ಒಂದನ್ನೊಂದು ಕೇಳದೆ ಬ್ರಿಟನ್ ಜೊತೆ ಪ್ರತ್ಯೇಕ ಸಂಧಿ ಮಾಡುವಂತಿರಲಿಲ್ಲ. ಆದರೂ ಅಮೆರಿಕದ ಪ್ರತಿನಿಧಿ ಫ್ರಾಂಕ್ಲಿನ್ ಮತ್ತು ಜೊತೆಗಾರರು ಫ್ರಾನ್ಸನ್ನು ಕೇಳದೆ ಬ್ರಿಟನ್ ಜೊತೆ ಕರಡು ಒಪ್ಪಂದಕ್ಕೆ ಸಹಿ ಹಾಕಿದರು. ನಮಗೂ ನಂಟಿದೆ: 1783ರ ಶಾಂತಿಯ ಸುದ್ದಿ ಬಂದಾಗ ಫ್ರೆಂಚರು ಬ್ರಿಟಿಷರ ವಿರುದ್ಧದ ಮಂಗಳೂರು ಮುತ್ತಿಗೆಯ ನಡುವೆಯೇ ತಮ್ಮ ಮಿತ್ರ ಟಿಪ್ಪುವಿನ ಕೈಬಿಟ್ಟರು.

ಜಿನೀವಾದಲ್ಲಿ ಉಲ್ಟಾ: ಅಲ್ಲಿ ದೊಡ್ಡ ಮಿತ್ರರೇ ಚಿಕ್ಕವರನ್ನು ಬಗ್ಗಿಸಿದರು. ದಿಯೆನ್ ಬಿಯೆನ್ ಫು ಕದನದಲ್ಲಿ ಫ್ರೆಂಚರ ವಿರುದ್ಧ ಗೆದ್ದಿದ್ದ ವಿಯೆಟ್ನಾಮೀಯರು ದೇಶ ಇಬ್ಭಾಗಿಸಲು 13ನೇ ಅಕ್ಷಾಂಶದ ಗಡಿ ಕೇಳಿದರು. ಮಿತ್ರರಾದ ಚೀನಾದ ಚೌ ಎನ್‌ಲೈ, ಸೋವಿಯತ್‌ನ ಮೊಲೊಟೊವ್ ಒತ್ತಾಯಿಸಿ ಇನ್ನೂ ಉತ್ತರದ 17ಕ್ಕೆ, ಅಂದರೆ ಕಡಿಮೆ ನೆಲಕ್ಕೆ ಒಪ್ಪಿಸಿದರು. ದೇಶ ಒಂದಾಗಲು 1956ರಲ್ಲಿ ಆಗಬೇಕಿದ್ದ ಚುನಾವಣೆ ನಡೆಯಲೇ ಇಲ್ಲ. ಎಷ್ಟು ಸಂಕಟದ ವಿಷಯ ಅಲ್ವಾ?

ಸಮಯ ಕಡಿಮೆ ಇದ್ದರೆ ಪ್ಯಾರಿಸ್ ಸಾಕು. ಎರಡು ವಾರ ಓದಲು ಸಿಗುತ್ತದೆ ಅಂದರೆ ಖಂಡಿತ ಜಿನೀವಾ ತಗೊಳ್ಳಿ.