ಹಿರಿಯೂರು–ಶಿರಾ ನಡುವಿನ ಮಿಲಿಟರಿಯವರ ಹೋಟೆಲು: ಲಾರಿಯವರು ನಿಂತು ಮಲಗಬೇಕಾದ ಜಾಗ

ಈ ಹೋಟೆಲಿಗೆ ಬೋರ್ಡು ಇಲ್ಲ. ಬೆಂಗಳೂರು ಕಡೆ ಹೋಗುವಾಗ ಹಿರಿಯೂರು ದಾಟಿ ಶಿರಾ ಮುಟ್ಟುವ ಮೊದಲು, ಎಡಗಡೆ ಸರ್ವಿಸ್ ರಸ್ತೆಯಲ್ಲಿ ಎರಡು ದೊಡ್ಡ ಬೇವಿನ ಮರ ಕಾಣುತ್ತವೆ. ಅವುಗಳ ಕೆಳಗೆ ತಗಡಿನ ಶೆಡ್ಡು, ಶೆಡ್ಡಿನ ಕಂಬಕ್ಕೆ ಒಂದು ಕರಿ ಹಲಗೆ. ಗುರುತು ಅಷ್ಟೇ. ಲಾರಿಯವರು ಇದನ್ನು ಮಿಲಿಟರಿ ಹೋಟೆಲ್ ಅನ್ನುತ್ತಾರೆ. ಹೆಸರು ಕೇಳಿ ಬಿರಿಯಾನಿ, ಕಾಲು ಸೂಪು ಸಿಗುತ್ತದೆ ಅಂತ ಬಂದವರಿಗೆ ನಿರಾಸೆ ಆಗುತ್ತದೆ. ಇಲ್ಲಿ ಭಾನುವಾರ ಬಿಟ್ಟರೆ ಮಾಂಸ ಇಲ್ಲ. ಯಜಮಾನರು ಮಿಲಿಟರಿಯಲ್ಲಿದ್ದವರು, ಅದಕ್ಕೆ ಆ ಹೆಸರು.

ನಾನು ಬೈಲಹೊಂಗಲ ತಾಲೂಕಿನವನು. 1995ರಲ್ಲಿ ಸೇನೆಗೆ ಭರ್ತಿಯಾದೆ, ಬೆಂಗಳೂರಿನ ಎಎಸ್‌ಸಿ (ಸೇನೆಯ ಸರಬರಾಜು ದಳ) ಸೆಂಟರಿನಲ್ಲಿ ಡ್ರೈವಿಂಗ್ ಕಲಿತೆ, 24 ವರ್ಷ ಫೌಜಿನ ಗಾಡಿ ಓಡಿಸಿ 2019ರಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಆಮೇಲೆ ಕೈಗೆ ಬಂದದ್ದು ಹನ್ನೆರಡು ಚಕ್ರದ ಲಾರಿ. ಬೆಳಗಾವಿ ಕಡೆಯಿಂದ ಸಕ್ಕರೆ, ಬೆಲ್ಲ ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತೇನೆ, ಬರುವಾಗ ಸಿಕ್ಕ ಲೋಡು. ಈ ರಸ್ತೆಗೆ ಈಗ 48ನೇ ನಂಬರು. ನಮ್ಮ ಬಾಯಲ್ಲಿ ಇನ್ನೂ ಎನ್‌ಎಚ್ ನಾಲ್ಕು. ಧಾರವಾಡದಿಂದ ತುಮಕೂರಿನವರೆಗೆ ಅದರ ಮೇಲೆ ನಾನು ಉಣ್ಣದ ಢಾಬಾ ಕಡಿಮೆ. ರುಚಿಯ ಮಾತಾದರೆ ಇದಕ್ಕಿಂತ ಚೆನ್ನಾಗಿರುವ ನಾಲ್ಕು ಕಡೆ ಹೆಸರು ಹೇಳಬಲ್ಲೆ. ಆದರೂ ನನ್ನ ಗಾಡಿ ನಿಲ್ಲುವುದು ಇಲ್ಲೇ. ಕಾರಣ ಆ ಕರಿ ಹಲಗೆ.

ಹಲಗೆಯಲ್ಲಿ ಮೂರು ಮನೆ ಗೀಚಿದ್ದಾರೆ: ಗಾಡಿ ನಂಬರು, ಮಲಗಿದ ಹೊತ್ತು, ಎಬ್ಬಿಸುವ ಹೊತ್ತು. ಊಟ ಮಾಡಿ, ಸೀಮೆಸುಣ್ಣದಲ್ಲಿ ನಮ್ಮ ಕೈಯಾರೆ ಬರೆದು, ಗಾಡಿಯ ಕೀ ಯಜಮಾನರ ಕೈಗೆ ಕೊಟ್ಟು ಮಂಚಕ್ಕೆ ಹೋಗಬೇಕು. ಎಬ್ಬಿಸುವ ಹೊತ್ತಿನ ತನಕ ಯಾರು ಬಂದರೂ ಎಬ್ಬಿಸುವುದಿಲ್ಲ. ನಮ್ಮ ಫೋನು ಕೂಡ ಅವರ ಗಲ್ಲಾದ ಹತ್ತಿರ ಇರುತ್ತದೆ. ಮನೆಯ ನಂಬರು ಬೇರೆ ಬರೆಸಿಟ್ಟರೆ ಮನೆಯಿಂದ ಬಂದ ಫೋನಿಗೆ ಮಾತ್ರ ಎಬ್ಬಿಸುತ್ತಾರೆ. ಆಫೀಸಿನಿಂದ ಬಂದರೆ ಅವರೇ ಎತ್ತಿ, "ಡ್ರೈವರ್ರು ರೆಸ್ಟಲ್ಲಿದಾರೆ, ನಾಲ್ಕಕ್ಕೆ ಹೊರಡ್ತಾರೆ" ಅಂದು ಇಟ್ಟುಬಿಡುತ್ತಾರೆ. ಮಂಚಕ್ಕೆ 50 ರೂಪಾಯಿ. ರಾತ್ರಿ ಇಬ್ಬರು ಹುಡುಗರು ಟಾರ್ಚ್ ಹಿಡಿದು ಗಾಡಿಗಳ ಸಾಲಿನಲ್ಲಿ ಸುತ್ತುತ್ತಾರೆ. ಡೀಸೆಲ್ ಕಳ್ಳರು, ಟಾರ್ಪಾಲು ಕೊಯ್ಯುವವರು ಇರುವ ರಸ್ತೆಯಲ್ಲಿ ಅದಕ್ಕೆಷ್ಟು ಬೆಲೆ ಅಂತ ಡ್ರೈವರಿಗೆ ಮಾತ್ರ ಗೊತ್ತು.

ಫೌಜಿನಲ್ಲಿ ಗಾಡಿ ಓಡಿಸುವವನನ್ನು ನಿಲ್ಲಿಸುವವರು ಇರುತ್ತಿದ್ದರು. ಕಾನ್ವಾಯ್ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅಂತ ಮೊದಲೇ ಬರೆದಿರುತ್ತಿತ್ತು. ಪಕ್ಕದಲ್ಲಿ ಕೋ-ಡ್ರೈವರ್. ದಿನಕ್ಕೆ ಮೂರು ಪರೇಡು: ಹೊರಡುವ ಮೊದಲು ಫಸ್ಟ್ ಪರೇಡ್, ನಡುವೆ ನಿಂತಾಗ ಹಾಲ್ಟ್ ಪರೇಡ್, ಗಾಡಿ ಬಿಟ್ಟಾಗ ಲಾಸ್ಟ್ ಪರೇಡ್. ಹಾಲ್ಟ್ ಪರೇಡಿನಲ್ಲಿ ಇಳಿದ ಕೂಡಲೇ ಪ್ರತಿ ಚಕ್ರದ ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಬೇಕು. ಉಳಿದದ್ದೆಲ್ಲ ಬೆಚ್ಚಗಿದ್ದು ಒಂದು ಮಾತ್ರ ಸುಟ್ಟರೆ ಅಲ್ಲಿ ಬ್ರೇಕು ಹಿಡಿದಿದೆ, ಇಲ್ಲಾ ಬೇರಿಂಗ್ ಹೋಗುತ್ತಿದೆ. ಜೋಡಿ ಟಯರಿನ ನಡುವೆ ಕಲ್ಲು ಸಿಕ್ಕಿದೆಯಾ, ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದೆಯಾ, ಹಗ್ಗ ಸಡಿಲಾಗಿದೆಯಾ ನೋಡಬೇಕು. ಆಮೇಲೆ ಚಹಾ. ಸಿವಿಲ್ ರಸ್ತೆಗೆ ಬಂದ ಮೇಲೆ "ಸಾಕು, ನಿಲ್ಲಿಸು" ಅನ್ನುವವರು ಯಾರೂ ಇಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಇತ್ತು. ನನ್ನ ಮೊದಲ ಮಾಲೀಕರ ಆಫೀಸಿನಿಂದ ಗಾಡಿ ಇಪ್ಪತ್ತು ನಿಮಿಷ ನಿಂತರೆ ಫೋನ್ ಬರುತ್ತಿತ್ತು, ಜಿಪಿಎಸ್ ನೋಡಿಕೊಂಡು. ಆ ಕೆಲಸದಲ್ಲಿದ್ದಾಗ ಒಂದು ಬೆಳಗಿನ ಜಾವ ದಾವಣಗೆರೆ ದಾಟಿ ಕಣ್ಣು ಮುಚ್ಚಿಕೊಂಡಿತು. ಡಿವೈಡರಿಗೆ ಮುಂದಿನ ಚಕ್ರ ಉಜ್ಜಿದ ಸದ್ದಿಗೆ ಎಚ್ಚರ. ಕ್ಯಾಬಿನ್ನಿನಲ್ಲಿ ಕ್ಲೀನರ್ ಹುಡುಗ ಮಲಗಿದ್ದ, ಹತ್ತೊಂಬತ್ತು ವರ್ಷದವನು. ಕಾಶ್ಮೀರದ ಜೋಜಿಲಾ ಘಾಟಿನಲ್ಲಿ ಹಿಮದ ಮೇಲೆ ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಓಡಿಸಿ ಒಂದು ಗೀರು ಬೀಳಿಸದ ನಾನು, ಕಲ್ಲಿಲ್ಲದ ಸಪಾಟು ರಸ್ತೆಯಲ್ಲಿ ಆ ಹುಡುಗನನ್ನು ಕೊಲ್ಲುತ್ತಿದ್ದೆ. ಮುಂದಿನ ತಿಂಗಳೇ ಆ ಕೆಲಸ ಬಿಟ್ಟೆ.

ಈ ಹೋಟೆಲಿನ ಯಜಮಾನರು ಫೌಜಿನಲ್ಲಿ ಅಡುಗೆ ಮಾಡುತ್ತಿದ್ದವರು, ಕೆಲವು ವರ್ಷ ಜಮ್ಮುವಿನ ಟ್ರಾನ್ಸಿಟ್ ಕ್ಯಾಂಪಿನಲ್ಲೂ ಇದ್ದರು. ರಜೆಗೆ ಹೋಗುವವರು, ರಜೆಯಿಂದ ಬರುವವರು, ಕಾಶ್ಮೀರ ಕಣಿವೆಯಿಂದ ಇಳಿದ ಡ್ರೈವರುಗಳು ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಅಲ್ಲಿ ಊಟ, ಮಲಗಲು ಮಂಚ. ಬೆಳಗಿನ ಕಾನ್ವಾಯಿಗೆ ಹೆಸರು ಬರೆಸಿ ಮಲಗಿದವನನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವ ಕೆಲಸವೂ ಅಲ್ಲೇ ಇತ್ತು. ಹಲಗೆ ಅಲ್ಲಿಂದ ಬಂದದ್ದಾ ಅಂತ ಕೇಳಿದೆ. "ಹೂಂ ಸಾಬ್, ಅಲ್ಲಿಂದ ತಂದಿದ್ದು ಅದೊಂದೇ" ಅಂದರು. ನಾವು ಮಾಜಿ ಸೈನಿಕರು ಅವರನ್ನು ಉಸ್ತಾದ್ ಅನ್ನುತ್ತೇವೆ, ಬೇರೆ ಡ್ರೈವರುಗಳು ಯಜಮಾನ್ರೇ ಅನ್ನುತ್ತಾರೆ.

ಊಟದ ಮಾತು. ರಾಗಿಮುದ್ದೆ, ಹುರುಳಿ ಕಟ್ಟಿನ ಸಾರು, ಅನ್ನ, ಮಜ್ಜಿಗೆ ಸೇರಿ 90 ರೂಪಾಯಿ, ಸಾರು ಅನ್ನ ಎಷ್ಟು ಬೇಕಾದರೂ ಹಾಕುತ್ತಾರೆ. ಹುರುಳಿ ಸಾರು ನಿಜಕ್ಕೂ ಚೆನ್ನಾಗಿರುತ್ತದೆ, ಹಿಂದಿನ ದಿನದ್ದು ಕುದಿಸಿದ್ದಾದರೆ ಇನ್ನೂ ಚೆನ್ನ. ನನ್ನಂಥ ರೊಟ್ಟಿ ತಿನ್ನುವವರಿಗೆ ಸಂಜೆ ಏಳರ ಮೇಲೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ. ನಮ್ಮ ಕಡೆಯಷ್ಟು ತೆಳ್ಳಗೆ ಬರುವುದಿಲ್ಲ, ಆದರೆ ಬಿಸಿ ಇರುತ್ತದೆ. ಬೇಳೆ ಸಾಂಬಾರ್ ನೀರು. ಇದನ್ನು ಅವರಿಗೆ ಎದುರಿಗೇ ಹೇಳಿದ್ದೇನೆ. ಚಹಾಕ್ಕೆ ಸಕ್ಕರೆ ಜಾಸ್ತಿ, ಹೇಳಿದರೆ ಕಡಿಮೆ ಮಾಡುತ್ತಾರೆ. ಬೆಳಿಗ್ಗೆ ಪೂರಿ ಪಲ್ಯ. ದಾರಿಗೆ ಬೇಕೆಂದರೆ ಕಾಗದದಲ್ಲಿ ಶಕ್ಕರ್‌ಪಾರೆ, ಅಂದರೆ ಶಂಕರಪೋಳಿ, ಕಟ್ಟಿಕೊಡುತ್ತಾರೆ, ಕಾಲು ಕೆಜಿಗೆ 60. ಸೇನೆಯಲ್ಲಿ ಎತ್ತರದ ರಸ್ತೆಗೆ ಹೊರಡುವ ಡ್ರೈವರಿನ ಜೇಬಿನಲ್ಲಿ ಇದು ಇದ್ದೇ ಇರುತ್ತಿತ್ತು. ಮೊದಲ ಸಲ ಇಲ್ಲಿ ಬಾಯಿಗೆ ಹಾಕಿಕೊಂಡಾಗ ಲಡಾಖಿನ ದ್ರಾಸಿನ ಚಳಿ ನೆನಪಾಗಿ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ತಿಂಗಳಿಗೆ ಒಂದೆರಡು ಸಲ ನಾವು ಮೂವರು ಇಲ್ಲಿ ಒಟ್ಟಿಗೆ ಸಿಗುತ್ತೇವೆ, ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ. ಒಬ್ಬರು ಅರಸೀಕೆರೆ ಕಡೆಯವರು, ತೋಪಖಾನೆಯಲ್ಲಿದ್ದವರು, ಬೋಫೋರ್ಸ್ ತೋಪು ಎಳೆಯುವ ಸ್ಕ್ಯಾನಿಯಾ ಗಾಡಿಯ ಡ್ರೈವರ್. ಇನ್ನೊಬ್ಬರು ಕೃಷ್ಣಗಿರಿಯವರು, 62 ದಾಟಿದೆ, ತಮಿಳು ಬೆರೆತ ಕನ್ನಡ. ಅವರು ಶಕ್ತಿಮಾನ್ ಓಡಿಸಿದ್ದು ಶ್ರೀಲಂಕಾದಲ್ಲಿ, ಭಾರತದ ಶಾಂತಿಪಾಲನಾ ಪಡೆ ಅಲ್ಲಿದ್ದ 1987ರಿಂದ 1990ರ ಕಾಲದಲ್ಲಿ.

ಶಕ್ತಿಮಾನ್ ಅಂದರೆ ಈಗಿನ ಹುಡುಗರಿಗೆ ಟಿವಿಯ ಧಾರಾವಾಹಿ. ನಮಗೆ ಅದು ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಲಾರಿ. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸಿನಲ್ಲಿ ಮಾಡಿದ್ದು, 1996ರಲ್ಲಿ ತಯಾರಿಕೆ ನಿಂತಿತು. ಪವರ್ ಸ್ಟಿಯರಿಂಗ್ ಇಲ್ಲ. ತಿರುವಿನಲ್ಲಿ ಎರಡು ತೋಳೂ ಸೋತು ಎದೆ ಒತ್ತಿ ತಿರುಗಿಸಬೇಕು. ಈಗ ನಾನು ಓಡಿಸುವ ಗಾಡಿಯಲ್ಲಿ ಸ್ಟಿಯರಿಂಗನ್ನು ಒಂದು ಬೆರಳಲ್ಲಿ ತಿರುಗಿಸಬಹುದು. 2025ರಿಂದ ಹೊಸ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾಗಿದೆ, ಅದು ಆಗಬೇಕಾದ ಕೆಲಸವೇ. ಆದರೂ ಶಕ್ತಿಮಾನ್ ಮಾತು ಬಂದರೆ ಕೃಷ್ಣಗಿರಿಯವರ ಮುಖ ಬೇರೆಯಾಗುತ್ತದೆ. ಜಾಫ್ನಾ ಕಡೆಯ ರಸ್ತೆಗಳಲ್ಲಿ ನೆಲಬಾಂಬು ಇರುತ್ತಿದ್ದವು. ಡ್ರೈವರ್ ಕಾಲಿಡುವ ಜಾಗದಲ್ಲಿ ಮರಳಿನ ಚೀಲ ಹಾಸಿಕೊಂಡು ಓಡಿಸುತ್ತಿದ್ದರು. ಮುಂದಿನ ಗಾಡಿಯ ಚಕ್ರ ಹೋದ ಗುರುತಿನ ಮೇಲೇ ತಮ್ಮ ಚಕ್ರ. "ಮುಂದಿನವನು ನನ್ನ ಊರಿನ ಪಕ್ಕದವನು. ಅವನು ಯಾರ ಗುರುತು ನೋಡಿ ಹೋಗ್ತಿದ್ದ ಅಂತ ಇವತ್ತಿಗೂ ಯೋಚನೆ ಬರುತ್ತೆ ತಂಬಿ" ಅಂದರು ಒಂದು ರಾತ್ರಿ. ಆ ಊರ ಪಕ್ಕದವನು ಏನಾದ ಅಂತ ನಾವಿಬ್ಬರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ನನ್ನದು 1999, ಕಾರ್ಗಿಲ್ ಯುದ್ಧ. ಸೋನಮಾರ್ಗದಿಂದ ಜೋಜಿಲಾ ಹತ್ತಿ ದ್ರಾಸಿಗೆ ತೋಪಿನ ಗುಂಡು ಸಾಗಿಸುವ ಕೆಲಸ. ತೋಲೋಲಿಂಗ್ ಬೆಟ್ಟದ ಮೇಲೆ ಕೂತ ಪಾಕಿಸ್ತಾನದವರಿಗೆ ಹೆದ್ದಾರಿ ಅಂಗೈಯಂತೆ ಕಾಣುತ್ತಿತ್ತು, ಅದಕ್ಕೆ ರಾತ್ರಿ ದೀಪ ಹಚ್ಚದೆ ಓಡಿಸಬೇಕು. ಮುಂದಿನ ಗಾಡಿಯ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ಲಿಗೆ ಬಿಳಿ ಬಣ್ಣ ಬಳಿದಿರುತ್ತಿತ್ತು, ಅದೊಂದೇ ಕಣ್ಣಿಗೆ ದಾರಿ. ಅರಸೀಕೆರೆಯವರ ರೆಜಿಮೆಂಟು ಆಗ ದ್ರಾಸಿನಲ್ಲಿತ್ತು. ಜೂನ್ 13ರಂದು ತೋಲೋಲಿಂಗ್, ಜುಲೈ 4ರಂದು ಟೈಗರ್ ಹಿಲ್ ನಮ್ಮ ಕೈಗೆ ವಾಪಸ್ ಬಂದವು. ಇಬ್ಬರೂ ತಾರೀಖು ಹಿಡಿದು ಲೆಕ್ಕ ಹಾಕಿ ನೋಡಿದೆವು. ನಾನು ಇಳಿಸಿದ ಪೆಟ್ಟಿಗೆಗಳಲ್ಲಿ ಕೆಲವಾದರೂ ಅವರ ತೋಪಿಗೆ ಹೋಗಿರಬೇಕು. ಅಲ್ಲಿ ಮುಖ ನೋಡದ ನಾವು ಇಪ್ಪತ್ತು ವರ್ಷದ ಮೇಲೆ ಹಿರಿಯೂರಿನ ಹತ್ತಿರ ಮುದ್ದೆ ತಟ್ಟೆ ಮುಂದೆ ಕೂತಿದ್ದೆವು. ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಇಂಥ ಮಾತು ಶುರುವಾದರೆ ಕ್ಲೀನರ್ ಹುಡುಗರು ಸುತ್ತ ಸೇರುತ್ತಾರೆ. ಅವರು ಹೆಚ್ಚಾಗಿ ಕೇಳುವುದು ಲಡಾಖಿನ ಎತ್ತರದ ಘಾಟಿ ಖರ್ದುಂಗ್ ಲಾ ಬಗ್ಗೆ, ಮೊಬೈಲಿನಲ್ಲಿ ನೋಡಿರುತ್ತಾರೆ. ಅಲ್ಲಿ ಹಾಕಿದ್ದ ಫಲಕದಲ್ಲಿ 18,380 ಅಡಿ ಅಂತ ಇತ್ತು, ಸರಿಯಾದ ಅಳತೆ 17,582. ಎಂಟುನೂರು ಅಡಿ ಕಡಿಮೆಯಾದರೂ ಅಲ್ಲಿ ಟಯರ್ ಬಿಚ್ಚುವವನ ಉಸಿರಿಗೆ ವ್ಯತ್ಯಾಸ ಏನೂ ಇಲ್ಲ. ಚಳಿಗಾಲದಲ್ಲಿ ಟ್ಯಾಂಕಿನ ಡೀಸೆಲ್ ತುಪ್ಪದಂತೆ ಹೆಪ್ಪುಗಟ್ಟುತ್ತಿತ್ತು. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಲಡಾಖಿಗೆ ಕೊಟ್ಟದ್ದು 2019ರಲ್ಲಿ, ನಾನು ಮನೆಗೆ ಬಂದ ವರ್ಷ.

ಯಜಮಾನರು ಈ ಮಾತುಗಳಿಗೆ ಸೇರುವುದು ಕಡಿಮೆ. ಹತ್ತು ಗಂಟೆ ಆಯಿತೆಂದರೆ ಬಂದು ನಿಲ್ಲುತ್ತಾರೆ. "ಯುದ್ಧ ನಾಳೆ ಮಾಡೋಣ, ಮಲ್ಗ್ರಿ ಈಗ." ಮೂವರೂ ಎದ್ದು ಹೋಗಿ ಹಲಗೆಯಲ್ಲಿ ಬರೆಯುತ್ತೇವೆ.

ಕೊರತೆಗಳನ್ನೂ ಹೇಳಬೇಕು. ಹುಬ್ಬಳ್ಳಿ ಕಡೆ ಹೋಗುವವರಿಗೆ ಇದು ಎದುರು ಬದಿ. ಅಂಡರ್‌ಪಾಸ್ ಹುಡುಕಿ ತಿರುಗಿಸಿಕೊಂಡು ಬರಬೇಕು, ಉದ್ದದ ಟ್ರೈಲರಿಗೆ ಆ ತಿರುವು ಕಷ್ಟ. ಗಾಡಿ ನಿಲ್ಲಿಸುವ ಅಂಗಳ ಮಣ್ಣಿನದು. ಮಳೆ ಬಿದ್ದರೆ ಲೋಡ್ ಗಾಡಿ ಹೂಳುತ್ತದೆ, ಜೂನ್‌ನಿಂದ ಅಕ್ಟೋಬರ್ ತನಕ ಮುಂದುಗಡೆ ಜಲ್ಲಿ ಹಾಕಿದ ಪಟ್ಟಿಯಲ್ಲೇ ನಿಲ್ಲಿಸಿ. ಹದಿನಾಲ್ಕು ಮಂಚಕ್ಕೆ ಎರಡೇ ಕಕ್ಕಸು, ಬೆಳಿಗ್ಗೆ ಐದಕ್ಕೆ ಸಾಲು. ಸ್ನಾನಕ್ಕೆ ಬಿಸಿನೀರು ಬಕೆಟ್ಟಿಗೆ 20 ರೂಪಾಯಿ, ನೀರಿನ ಟ್ಯಾಂಕರ್ ಬಾರದ ದಿನ ಅದೂ ಇಲ್ಲ. ಹೊದಿಕೆ ಒಗೆದಿರುತ್ತದೆ, ಆದರೂ ಸ್ವಂತದ್ದು ಇದ್ದರೆ ಒಳ್ಳೆಯದು. ಫೋನಿನಲ್ಲಿ ದುಡ್ಡು ಕಟ್ಟಲು ಹೋದರೆ ನೆಟ್‌ವರ್ಕ್ ಕೈಕೊಡುತ್ತದೆ, ನೂರಿನ್ನೂರು ಚಿಲ್ಲರೆ ಇಟ್ಟುಕೊಳ್ಳಿ. ಟಯರಿಗೆ ಗಾಳಿ ಹಿಡಿಯುವ ಮಷೀನು ಇದೆ, ಪಂಕ್ಚರ್ ಹಾಕುವವನು ಬೆಳಿಗ್ಗೆ ಎಂಟರ ಮೇಲೆ. ಕುಡಿದು ಬಂದವರಿಗೆ ಮಂಚ ಕೊಡುವುದಿಲ್ಲ, ಇದರಲ್ಲಿ ಯಜಮಾನರು ಯಾರ ಮುಲಾಜಿಗೂ ಬೀಳುವುದಿಲ್ಲ. ಈ ನಿಯಮ ಇರುವುದರಿಂದಲೇ ಅಲ್ಲಿ ನಿದ್ದೆ ಬರುತ್ತದೆ.

ನನಗೆ ನಿಜಕ್ಕೂ ಬೇಸರ ತಂದದ್ದು ಒಂದೇ. ಹೆಂಡತಿಯ ಜೊತೆ ಗಾಡಿ ಓಡಿಸುವ ಒಬ್ಬ ಡ್ರೈವರ್ ಹೋದ ಚಳಿಗಾಲದಲ್ಲಿ ಇಲ್ಲಿ ನಿಂತಿದ್ದರು. ಗಂಡ ಮಂಚದಲ್ಲಿ ಮಲಗಿದ, ಆಕೆ ರಾತ್ರಿಯಿಡೀ ಕ್ಯಾಬಿನ್ನಿನಲ್ಲಿ ಕೂತಿದ್ದಳು, ಹೆಂಗಸರಿಗೆ ಇಲ್ಲಿ ಮಲಗಲು ಮರೆ ಇಲ್ಲ, ಬೇರೆ ಕಕ್ಕಸು ಇಲ್ಲ. ಅರ್ಧ ದಾರಿ ಸ್ಟಿಯರಿಂಗ್ ಹಿಡಿದವಳು ಆಕೆಯೇ. ಬೆಳಿಗ್ಗೆ ನಾನು ಯಜಮಾನರನ್ನು ಪಕ್ಕಕ್ಕೆ ಕರೆದು ಹೇಳಿದೆ, "ಉಸ್ತಾದ್, ಹಲಗೆಯಲ್ಲಿ ಆ ತಾಯಿಯ ಹೆಸರೂ ಬರೀಬೇಕಿತ್ತು." ಅವರು ಏನೂ ಹೇಳಲಿಲ್ಲ. ಹೋದ ವಾರ ಹೋದಾಗ ಅಡುಗೆ ಮನೆಯ ಹಿಂದೆ ಗುಂಡಿ ತೋಡಿತ್ತು, ಇಟ್ಟಿಗೆ ಇಳಿಸಿದ್ದರು. ಎರಡು ಮಂಚದ ಕೋಣೆ, ಒಳಗಿನಿಂದ ಚಿಲಕ, ಪಕ್ಕದಲ್ಲೇ ಕಕ್ಕಸು ಅಂತ ಅಳತೆ ಹೆಜ್ಜೆ ಹಾಕಿ ತೋರಿಸಿದರು. ಸಿಮೆಂಟು ತುಮಕೂರಿನಿಂದ ಬರಬೇಕಂತೆ. ವಾಪಸ್ ಬರುವಾಗ ನನ್ನ ಗಾಡಿ ಖಾಲಿ ಇದ್ದರೆ ನಾನೇ ಹಾಕಿಕೊಂಡು ಬರುತ್ತೇನೆ ಅಂದಿದ್ದೇನೆ.